ಹೋಲಿಕೆಗೆ ಬಾರದ ಮನೆಗಳು

ಎರಡೂ ಹಾಳೆಗಳ ಮೇಲಿನ ಅಕ್ಷರ ತನ್ನದೇ ಎಂಬುದು ವರ್ಧಮಾನಯ್ಯನಿಗೆ ಬೆಳಗಿನಿಂದ ಒಂದು ಬಗೆಯ ಕಿರಿಕಿರಿಯಾಗಿತ್ತು. ಎಡಗಡೆ ಇಟ್ಟದ್ದು ಐವತ್ತೆರಡನೆಯ ಇಸವಿಯ ಹಾಳೆ, ಅಂಚು ಹಳದಿಗಟ್ಟಿ ಮಡಿಕೆಯಲ್ಲಿ ಸವೆದದ್ದು. ಬಲಗಡೆಯದು ಹೋದ ವಾರದ್ದು. ಹತ್ತು ವರ್ಷದಲ್ಲಿ ಅಕ್ಷರ ಸ್ವಲ್ಪ ದಪ್ಪವಾಗಿತ್ತು, ಅಷ್ಟೇ. ‘ಮಾರಗೊಂಡನಕೊಪ್ಪಲು, ಹೊಳೆನರಸೀಪುರ ತಾಲ್ಲೂಕು, ಮನೆ ನಂಬರು ನಲವತ್ತಮೂರು, ಯಜಮಾನ ಗಿಡ್ಡಯ್ಯ’ ಎಂಬ ಸಾಲು ಎರಡರಲ್ಲಿಯೂ ಒಂದೇ. ಅದರ ಕೆಳಗಿನ ಅಂಕಿಗಳು ಮಾತ್ರ ಒಂದರ ಮುಖ ಒಂದು ನೋಡಿಯೇ ಇಲ್ಲವೆಂಬಂತೆ ಇದ್ದವು. ಹುಟ್ಟಿದ ಮಕ್ಕಳು ಆಗ ಮೂರು, ಈಗ ಆರು. ಬದುಕಿರುವ ಮಕ್ಕಳು ಆಗ ಮೂರು, ಈಗ ಎರಡು. ಕುಡಿಯುವ ನೀರು ಆಗ ಬಾವಿಯದು, ಈಗ ಹೊಳೆಯದು. ಕಾಯಿಲೆ ಬಿದ್ದರೆ ಹೋಗುವುದು ಆಗ ಆಸ್ಪತ್ರೆಗೆ, ಈಗ ‘ಎಲ್ಲಿಗೂ ಇಲ್ಲ’. ನಡುವೆ ಮೂರನೆಯದೊಂದು ಹಾಳೆಯಿತ್ತು. ಎರಡನ್ನೂ ಹೋಲಿಸಿ, ಆ ಮನೆಯ ಬಾಳ್ವೆ ಹತ್ತು ವರ್ಷದಲ್ಲಿ ಎಷ್ಟು ಮೇಲಕ್ಕೆ ಬಂದಿದೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಅದರಲ್ಲಿ ಬರೆಯಬೇಕು. ಊರಿನ ನಲವತ್ತೆಂಟು ಮನೆಗಳಲ್ಲಿ ಮೊದಲ ನಲವತ್ತೊಂದು ಮನೆಗಳ ಹಾಳೆ ನಿನ್ನೆಯೇ ಮುಗಿದಿತ್ತು. ಅಲ್ಲೆಲ್ಲ ಅಂಕಿ, ಹೇಳಿದ ಮಾತು ಕೇಳುವ ಹಸುವಿನ ಹಾಗೆ ಮುಂದಕ್ಕೆ ನಡೆದಿತ್ತು. ಒಂದು ಮನೆಗೆ ಹೆಂಚು ಬಂದಿತ್ತು, ಇನ್ನೊಂದರಲ್ಲಿ ಹುಡುಗಿ ನಾಲ್ಕನೆಯ ಕ್ಲಾಸು ಓದಿದ್ದಳು, ಮತ್ತೊಂದರಲ್ಲಿ ಹುಟ್ಟಿದ ನಾಲ್ಕೂ ಉಳಿದಿದ್ದವು. ಕೊನೆಯ ಏಳು ಮನೆಗಳು ಊರಾಚೆಯ ಕೇರಿಯವು. ಆ ಏಳೂ ಹಿಂದಕ್ಕೆ ನಡೆದಿದ್ದವು.

ಕಚೇರಿ ಎಂದರೆ ಹಾಸನದಲ್ಲಿ ಬಾಡಿಗೆಗೆ ಹಿಡಿದ ಒಂದು ಹೆಂಚಿನ ಮನೆ. ಹೊರಗೆ ‘ಗ್ರಾಮ ಜೀವನಮಟ್ಟ ಪರಿಶೀಲನಾ ಕಚೇರಿ’ ಎಂಬ ಬೋರ್ಡು, ಒಳಗೆ ನಾಲ್ಕು ಮೇಜು, ನಡುಮನೆಯಲ್ಲಿ ಅಧಿಕಾರಿ ಚಂದ್ರಶೇಖರಯ್ಯನವರು. ಅವರ ಬೆನ್ನ ಹಿಂದಿನ ಗೋಡೆಗೆ ದೊಡ್ಡ ಗ್ರಾಫ್ ಕಾಗದ ಅಂಟಿಸಿತ್ತು. ಒಂದೊಂದು ಊರು ಮುಗಿದ ಹಾಗೆ ಅವರೇ ಸ್ಟೂಲು ಹತ್ತಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಒಳ್ಳೆಯ ಮನುಷ್ಯ. ‘ದೇಶ ಅಂದ್ರೆ ಎಷ್ಟು ಟನ್ ಉಕ್ಕು ಅಂತಲ್ಲ ಕಣ್ರಿ. ಹುಟ್ಟಿದ ಕೂಸು ಎಷ್ಟು ವರ್ಷ ಬದುಕುತ್ತೆ, ಎಂಥ ನೀರು ಕುಡಿಯುತ್ತೆ, ತನ್ನ ಹೆಸರು ತಾನು ಬರೆಯುತ್ತೋ ಇಲ್ಲವೋ, ಅದನ್ನ ಅಳೀಬೇಕು’ ಎಂದು ಅವರು ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ವರ್ಧಮಾನಯ್ಯನಿಗೂ ಆ ಮಾತು ಹಿಡಿಸಿತ್ತು. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಹೊಲಗಳ ನಡುವೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ದಾರಿಯಲ್ಲಿ, ಚೀಲ ಹೆಗಲಿಗೆ ಹಾಕಿ ನಡೆಯುವಾಗ ಆ ಮಾತನ್ನು ಮೆಲುಕು ಹಾಕಿ ಕಾಲಿನ ನೋವು ಮರೆತದ್ದುಂಟು. ಈಗ ಆ ಗೋಡೆಯ ಕಡೆ ಕಣ್ಣು ಹಾಯಿಸಲು ಆಗುತ್ತಿರಲಿಲ್ಲ. ಮಾರಗೊಂಡನಕೊಪ್ಪಲಿಗೆ ಎಂದು ಬಿಟ್ಟಿದ್ದ ಜಾಗ ಅಷ್ಟು ದೂರದಿಂದಲೂ ಬೆಳ್ಳಗೆ ಕಾಣುತ್ತಿತ್ತು.

‘ಆಗ ನೀವು ಮೀಸೆ ಬುಟ್ಟಿದ್ರಿ ಸಾ’ ಎಂದಿದ್ದಳು ಲಕ್ಕಮ್ಮ, ಗಿಡ್ಡಯ್ಯನ ಹೆಂಡತಿ. ಹೋದ ವಾರ, ಬೆಳಗಿನ ಹನ್ನೊಂದರ ಬಿಸಿಲು. ಕೇರಿಯ ಆ ಮನೆಯ ಮುಂದೆ ಕಲ್ಲೊಂದರ ಮೇಲೆ ಗೋಣಿಚೀಲ ಮಡಿಸಿ ಹಾಕಿ ವರ್ಧಮಾನಯ್ಯನನ್ನು ಕೂರಿಸಿ, ಅವಳು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಗಿಡ್ಡಯ್ಯ ಯಾರದೋ ಗದ್ದೆಗೆ ಹೋಗಿದ್ದ. ವರ್ಧಮಾನಯ್ಯ ಪೆನ್ನಿನ ಮುಚ್ಚಳ ತೆಗೆಯುತ್ತ, ಆದಷ್ಟು ಸಹಜವಾಗಿ, ‘ನೀನು ನನ್ನನ್ನ ಎಲ್ಲಿ ನೋಡಿದ್ದಮ್ಮ?’ ಎಂದು ಕೇಳಿದ. ಕೇಳಿದ ಕೂಡಲೇ, ಕೇಳಬಾರದಿತ್ತು ಎನ್ನಿಸಿತು. ‘ಶಾನುಭೋಗ್ರ ಜಗುಲಿ ಮ್ಯಾಲೆ ಕುಂತಿದ್ರಲ್ಲ. ನಾನು ಕಣದ್ ತಾವ ನಿಂತಿದ್ದೆ, ಮಗೀನ್ ಎತ್ಗಂಡು’ ಎಂದಳು ಅವಳು. ದೂರು ಹೇಳುವ ದನಿಯಲ್ಲ. ಗುರುತು ಹತ್ತಿದ್ದಕ್ಕೆ ಒಂದಿಷ್ಟು ಸಂತೋಷವೇ ಇತ್ತು. ಅವನು ತಲೆ ತಗ್ಗಿಸಿ ಮೊದಲ ಪ್ರಶ್ನೆಗೆ ಹೋದ. ಎಷ್ಟು ಮಕ್ಕಳು ಹುಟ್ಟಿದ್ದು? ‘ಇರಾವು ಎರಡು ಸಾ.’ ಇರೋದಲ್ಲಮ್ಮ, ಹುಟ್ಟಿದ್ದು. ಅವಳು ಅವನ ಮುಖವನ್ನೇ ನೋಡಿ ಕೇಳಿದಳು: ‘ಓಗಿರಾವ್ನೂ ಬರ್ಕತ್ತೀರಾ?’ ಬರೆದುಕೊಳ್ಳುತ್ತೇವೆ ಎಂದ. ‘ಅಂಗಾರೆ ಆರು’ ಎಂದವಳು ಬೆರಳು ಮಡಿಸುತ್ತ ಹೆಸರು ಹೇಳತೊಡಗಿದಳು. ಮಾದ, ಕಾಳಿ, ಚಿಕ್ಕತಾಯಿ, ಸಣ್ಣಪ್ಪ, ಪುಟ್ಟಿ. ಒಂದಕ್ಕೆ ಹೆಸರಿಡುವ ಮೊದಲೇ ಹೋಯಿತು. ಹಾಳೆಯಲ್ಲಿ ಹೆಸರಿಗೆ ಜಾಗವಿರಲಿಲ್ಲ. ಆದರೂ, ಯಾಕೋ ತಿಳಿಯದೆ, ಅಂಚಿನ ಖಾಲಿ ಜಾಗದಲ್ಲಿ ಅವನು ಒಂದೊಂದನ್ನೇ ಬರೆದುಕೊಂಡ.

ಐವತ್ತೆರಡರಲ್ಲಿ ಅವನಿಗೆ ಇಪ್ಪತ್ತನಾಲ್ಕು. ಈ ಊರಿಗೆ ಬಂದ ದಿನವೇ ಸಂಜೆ ಹೊಳೆ ದಾಟಿ ಹೊಳೆನರಸೀಪುರದಲ್ಲಿ ಕೊಬ್ಬರಿ ವ್ಯಾಪಾರದ ನೇಮಿಚಂದ್ರಯ್ಯನವರ ಮನೆಗೆ ಹೆಣ್ಣು ನೋಡಲು ಹೋಗಬೇಕಿತ್ತು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲೆ ಎತ್ತಬೇಕು. ಹೆಣ್ಣಿನ ಕಡೆಯವರು ಒಬ್ಬಟ್ಟು ಮಾಡಿಸುತ್ತಾರೆಂದು ಅಣ್ಣ ಕಾಗದ ಬರೆದಿದ್ದ. ನಲವತ್ತೊಂದು ಮನೆ ಮುಗಿಸಿ ಶಾನುಭೋಗ ಗುಂಡಯ್ಯನವರ ಜಗುಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಅವನು ನೆರಳು ಎಷ್ಟು ಉದ್ದವಾಗಿದೆ ಎಂದು ನೋಡಿದ. ಗುಂಡಯ್ಯನವರು ಅದನ್ನು ಗಮನಿಸಿದರು. ಅವರದು ನಿಜವಾದ ಕನಿಕರ. ‘ಆ ಏಳು ಮನೆಗೆ ನೀವೇಕೆ ದಣಿಯಬೇಕು ಬಿಡಿ. ಅಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಹೊತ್ತಿದ್ದ ಹಾಗೇ ಊಟ ಆಗಬೇಕಲ್ಲ ನಿಮಗೆ’ ಎಂದರು. ಎಲೆಯಡಿಕೆ ಹಾಕುತ್ತ ಹೇಳಿದರು, ಅವನು ಬರೆದ. ಗಿಡ್ಡಯ್ಯನಿಗೆ ಎಷ್ಟು ಮಕ್ಕಳು? ಇರಬೇಕು ಒಂದು ಮೂರು. ಎಲ್ಲಾ ಇದಾವೆಯೇ? ಇದಾವೆ, ಇರದೆ ಎಲ್ಲಿಗೆ ಹೋಗ್ತಾವೆ. ನೀರು? ಊರಿಗೆ ಬಾವಿ ಇದೆಯಲ್ಲ. ಕಾಯಿಲೆಗೆ? ಬರೀರಿ, ಆಸ್ಪತ್ರೆ ಅಂತ. ಏಳು ಮನೆಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಆಗ ಕಣದ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳೇ? ನಿಂತಿದ್ದಳು ಎಂದು ಈಗ ಅವನಿಗೆ ಕಾಣುತ್ತದೆ. ಹುಲ್ಲಿನ ಬಣವೆಯ ಪಕ್ಕ, ಸೆರಗಿನೊಳಗೆ ಏನನ್ನೋ ಹಿಡಿದು. ಆದರೆ ಅದು ತಾನು ಕಂಡದ್ದೋ, ಲಕ್ಕಮ್ಮ ಹೇಳಿದ ಮೇಲೆ ತಾನು ಬರೆದುಕೊಂಡದ್ದೋ ಹೇಳುವಂತಿಲ್ಲ. ಕಾಣದ್ದನ್ನು ಕಂಡಂತೆ ಬರೆಯುವುದು ತನ್ನ ಕೈಗೆ ಎಷ್ಟು ಸಲೀಸು ಎಂಬುದಕ್ಕೆ ಸಾಕ್ಷಿ ಎಡಗಡೆಯ ಹಾಳೆಯಲ್ಲೇ ಇತ್ತು.

‘ಚಿಕ್ಕತಾಯಿ ಓಗಿದ್ದು ನೀವು ಬಂದಿದ್ರಲ್ಲ, ಅದ್ರ ಮಾರ್ನೆ ದಿನವೇಯ’ ಎಂದಿದ್ದಳು ಲಕ್ಕಮ್ಮ. ಅವನು ಕೇಳಿರಲಿಲ್ಲ. ಹಾಳೆಯಲ್ಲಿ ಅದಕ್ಕೂ ಪ್ರಶ್ನೆಯಿರಲಿಲ್ಲ. ‘ಐದು ತಿಂಗ್ಳು ಕೂಸು. ಮೂರ್ ದಿನದಿಂದ ಬೇದಿ. ಪ್ಯಾಟೆ ಡಾಕ್ಟ್ರ ತಾವ ತಕ್ಕಂಡೋಗಾನ ಅಂತ ಒತ್ತಾರೇನೇ ಒಂಟಿದ್ವಿ. ತೋಟಿ ಬಂದು ಕೂಗ್ಬುಟ್ಟ, ಲೆಕ್ಕದೋರು ಬತ್ತಾವ್ರೆ, ಯಾರೂ ಮನೆ ಬುಟ್ಟು ಅಲ್ಲಾಡಂಗಿಲ್ಲ, ಪಟೇಲ್ರ ಅಪ್ಪಣೆ ಅಂತ. ಬರ್ಕಂಡ್ ಓಗ್ಲಿ, ಆಮ್ಯಾಕೆ ಓದ್ರಾಯ್ತು ಅಂತ ಕುಂತ್ವಿ. ಊರು ಮುಗುದ್ಮ್ಯಾಲೆ ನಮ್ ತಾವ ಬತ್ತಾರೆ ಅಂದ್ರು. ಒತ್ತು ವಾಲ್ತು. ಬತ್ತಾರೋ ಇಲ್ವೋ ನೋಡಾನ ಅಂತ ನಾನೇ ಕಣದ್ ತಾವ ಬಂದೆ. ನೀವು ಬರೀತಾನೇ ಇದ್ರಿ. ಸರಿ ಇನ್ನೇನು ಬತ್ತಾರೆ ಅಂತ ತಿರ್ಗ್ಕಂಡು ಬಂದೆ.’ ಅವಳು ಒಂದು ಹುಲ್ಲುಕಡ್ಡಿಯನ್ನು ಸಣ್ಣ ಸಣ್ಣಗೆ ಮುರಿಯುತ್ತಿದ್ದಳು. ‘ಆಮ್ಯಾಕೆ, ಒಂಟೋದ್ರಂತೆ ಅಂದ್ರು. ನನ್ ಗಂಡ ಕೂಸ್ನ ಎತ್ಗಂಡು ವೊಳೆ ತಾವ ಓಡ್ದ. ಅರಿಗೋಲು ನಡುನೀರ್ಗೆ ಓಗಿತ್ತು. ಅದೇ ಕಡೇದು.’

ವರ್ಧಮಾನಯ್ಯ ಕೇಳಿದ್ದ: ‘ದಡದಿಂದ ಕೂಗಬಾರದಾಗಿತ್ತೇನಮ್ಮ?’

‘ಅದ್ರಾಗೆ ನೀವು ಕುಂತಿದ್ರಲ್ಲ ಸಾ’ ಎಂದಳು ಲಕ್ಕಮ್ಮ.

ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲ, ಅವನಿಗೂ ಬೇಕಾಗಿರಲಿಲ್ಲ. ಯಾರೂ ಮನೆ ಬಿಟ್ಟು ಅಲ್ಲಾಡಬಾರದು ಎಂಬುದು ಪಟೇಲರ ಮಾತಲ್ಲ. ‘ಎಲ್ಲ ಮನೆಯವರೂ ತಮ್ಮ ತಮ್ಮ ಮನೆಗಳಲ್ಲಿ ಹಾಜರಿರತಕ್ಕದ್ದು’ ಎಂದು ಎರಡು ದಿನ ಮುಂಚೆ ತಾನೇ ಶಾನುಭೋಗರಿಗೆ ಚೀಟಿ ಬರೆದು ಕಳಿಸಿದ್ದ. ಆ ‘ಹಾಜರಿರತಕ್ಕದ್ದು’ ಎಂಬ ಪದ ಬರೆಯುವಾಗ ಆಗಿದ್ದ ಸಣ್ಣ ಹೆಮ್ಮೆ ಕೂಡ ನೆನಪಿದೆ; ಹೊಸ ನೌಕರಿ, ಹೊಸ ಮೊಹರು. ಆಮೇಲೆ ಹರಿಗೋಲು. ಹೇಮಾವತಿ ತುಂಬಿ ಹರಿಯುತ್ತಿರಲಿಲ್ಲ, ಆದರೂ ನಡುವೆ ಸೆಳೆತವಿತ್ತು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೀರು ತಾಗದ ಹಾಗೆ ಪಂಚೆ ಎತ್ತಿಕೊಂಡು ಕೂತು, ಹೆಣ್ಣು ಹೇಗಿರಬಹುದೆಂದು ಯೋಚಿಸುತ್ತಿದ್ದ. ಹಿಂದಕ್ಕೆ ತಿರುಗಿ ನೋಡಿದ್ದನೇ? ದಡದ ಮೇಲೆ ಒಬ್ಬ ಮನುಷ್ಯ ನಿಂತಿದ್ದನೇ? ಕೂಗದೆ ನಿಂತವನ ನೆನಪು ಯಾರಿಗೆ ಉಳಿಯುತ್ತದೆ? ಈ ಒಂದು ವಾರದಿಂದ ಅವನನ್ನು ಕಾಡುತ್ತಿದ್ದದ್ದು ಅದಲ್ಲ. ಗಿಡ್ಡಯ್ಯ ಕೂಗಿದ್ದರೆ, ಅಂಬಿಗ ‘ತಿರುಗುಸ್ಲಾ ಸಾ?’ ಎಂದು ಕೇಳಿದ್ದರೆ, ಪಡುವಲಲ್ಲಿ ಹೊತ್ತು ಅಷ್ಟು ಕೆಳಗೆ ಇಳಿದಿದ್ದಾಗ, ತಾನು ಹೂಂ ಎನ್ನುತ್ತಿದ್ದನೋ ಇಲ್ಲವೋ ಎಂಬುದು. ಹೂಂ ಎನ್ನುತ್ತಿದ್ದೆ ಎಂದು ಹತ್ತು ಸಲ ಹೇಳಿಕೊಂಡ. ಹತ್ತು ಸಲವೂ ಅದು ಗುಂಡಯ್ಯನವರ ಉತ್ತರದ ಹಾಗೆ ಕೇಳಿಸಿತು.

ಹೊರಡುವಾಗ ಲಕ್ಕಮ್ಮ ಎದ್ದು ನಿಂತು, ‘ಇದು ಪುಸ್ತುಕದಾಗೆ ಬತ್ತದಾ ಸಾ?’ ಎಂದು ಕೇಳಿದ್ದಳು. ಬರುತ್ತದಮ್ಮ ಎಂದಿದ್ದ. ಯಾವುದು ಎಂದು ಅವಳೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಚಂದ್ರಶೇಖರಯ್ಯನವರು ಕರೆಸಿದರು. ಏಳೂ ಜೋಡಿ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ ಕೂತಿದ್ದರು. ‘ಏನ್ರೀ ಇದು? ಊರು ನೂರಕ್ಕೆ ನಲವತ್ತೊಂದರಿಂದ ಐವತ್ತೈದಕ್ಕೆ ಏರಿದೆ. ಈ ಕೇರಿ ನಲವತ್ನಾಲ್ಕರಿಂದ ಮೂವತ್ತಕ್ಕೆ ಇಳಿದಿದೆ. ಅಂದ್ರೆ ಹತ್ತು ವರ್ಷದ ಹಿಂದೆ ಕೇರಿಯೋರು ಊರೋರಿಗಿಂತ ಚೆನ್ನಾಗಿದ್ದರು ಅಂತ ಆಗುತ್ತೆ. ಎಲ್ಲಾದ್ರೂ ಉಂಟೇ? ಮೇಲಿನೋರು ಇದನ್ನ ನೋಡಿದ್ರೆ ನನ್ನನ್ನೇ ಕೇಳ್ತಾರೆ, ಯೋಜನೆ ಬಂದು ಕೇರಿ ಮುಳುಗಿತೇನಯ್ಯ ಅಂತ. ಮತ್ತೆ ಇದೇನು, ಅಂಚಿನಲ್ಲಿ ಹೆಸರು ಬೇರೆ? ಶ್ರಾದ್ಧದ ಪಟ್ಟಿ ಇದ್ದ ಹಾಗಿದೆ.’

ವರ್ಧಮಾನಯ್ಯ ನಿಂತೇ ಹೇಳಿದ. ಬೆಳಗಿನಿಂದ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಆ ಹೊತ್ತಿಗೆ ಉದುರಿಹೋಗಿದ್ದವು, ಉಳಿದದ್ದು ಚಿಕ್ಕದು. ‘ಈ ವರ್ಷದ್ದು ಸರಿಯಾಗಿದೆ ಸರ್. ಐವತ್ತೆರಡರಲ್ಲಿ ನಾನು ಆ ಕೇರಿಗೆ ಹೋಗಲೇ ಇಲ್ಲ.’

ಚಂದ್ರಶೇಖರಯ್ಯನವರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. ಬಯ್ಯುತ್ತಾರೆಂದು ಅವನು ಕಾದ. ಬಯ್ದರೆ ಒಳ್ಳೆಯದಾಗುತ್ತಿತ್ತು. ಅವರು ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತು, ತಗ್ಗಿದ ದನಿಯಲ್ಲಿ ಕೇಳಿದರು. ಯಾಕೆ ಹೋಗಲಿಲ್ಲ? ಅವನು ಹೆಣ್ಣು ನೋಡಲು ಹೋಗಬೇಕಿದ್ದದ್ದನ್ನು ಹೇಳಿದ. ಒಬ್ಬಟ್ಟಿನ ಸುದ್ದಿ ಹೇಳಲಿಲ್ಲ. ಲಕ್ಕಮ್ಮನ ಕೂಸಿನದನ್ನು ಹೇಳಿದ. ಹರಿಗೋಲಿನದನ್ನು ಹೇಳಲು ಹೋಗಿ ಅರ್ಧಕ್ಕೆ ಬಿಟ್ಟ.

‘ಇದೊಂದು ಊರಿನಲ್ಲಿ ಮಾತ್ರವೋ, ಬೇರೆ ಕಡೆಯೂ ಹೀಗೆ ಮಾಡಿದೀರೋ?’

‘ಇದೊಂದೇ ಸರ್.’

ಹೇಳಿಬಿಟ್ಟ ಮೇಲೆ ಆ ‘ಒಂದೇ’ ಅವನ ಕಿವಿಯಲ್ಲಿ ನಿಂತಿತು. ಆ ವರ್ಷ ಇಪ್ಪತ್ತೆರಡು ಊರು ತಿರುಗಿದ್ದ. ರಾಮನಾಥಪುರದ ಆಚೆ ಒಂದು ಊರಿನಲ್ಲಿ ಮಧ್ಯಾಹ್ನವೆಲ್ಲ ಮಳೆ ಹಿಡಿದು ಕೂತದ್ದು ನೆನಪಿದೆ, ಛತ್ರದ ಪಡಸಾಲೆಯಲ್ಲಿ ಕೂತು ಹಾಳೆ ತುಂಬಿಸಿದ್ದು ನೆನಪಿದೆ. ಮನೆಗಳಿಗೆ ಹೋಗಿ ಬಂದು ತುಂಬಿಸಿದ್ದೋ, ಹೋಗದೆ ತುಂಬಿಸಿದ್ದೋ? ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಒಂದು ಅಂಕಿ ಇಡುವುದು ರೂಢಿ, ಇಟ್ಟಿದ್ದ.

ಅಷ್ಟರಲ್ಲಿ ಚಂದ್ರಶೇಖರಯ್ಯನವರ ಮುಖ ಸ್ವಲ್ಪ ಹಗುರವಾಗಿತ್ತು. ನಲವತ್ತಮೂರನೆಯ ಮನೆಯ ಹಳೆಯ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ‘ಇಲ್ಲಿ ನೋಡಿ. ಹುಟ್ಟಿದ್ದು ಮೂರು, ಬದುಕಿರೋದು ಮೂರು ಅಂತಿದೆ. ಕೂಸು ಹೋದದ್ದು ಮಾರನೇ ದಿನ ಅಂತೀರಿ. ಅಂದ ಮೇಲೆ ನೀವು ಬರೆದ ದಿನಕ್ಕೆ ಮೂರೂ ಇದ್ದವಲ್ಲ?’

‘ಇದ್ದವು ಸರ್.’

‘ಹಾಗಿದ್ದರೆ ಈ ಅಂಕಿ ಸರಿಯಾಗೇ ಇದೆಯಲ್ರೀ.’

ಸರಿಯಾಗಿತ್ತು. ಏಳು ಮನೆಗಳಲ್ಲಿ, ಒಬ್ಬರನ್ನೂ ಕೇಳದೆ ಬರೆದ ಅಷ್ಟೂ ಉತ್ತರಗಳಲ್ಲಿ, ಸತ್ಯವಾಗಿ ನಿಂತದ್ದು ಅದೊಂದು. ವರ್ಧಮಾನಯ್ಯನಿಗೆ ನಗು ಬಂದಂತಾಗಿ ತುಟಿ ಕಚ್ಚಿಕೊಂಡ. ನಗುವಲ್ಲ ಅದು ಎಂಬುದು ಆಮೇಲೆ ತಿಳಿಯಿತು. ಚಂದ್ರಶೇಖರಯ್ಯನವರೂ ತಾವು ಹೇಳಿದ ಮಾತು ತಮಗೇ ಕೇಳಿಸಿದಂತೆ ಹಾಳೆಯನ್ನು ಕೆಳಗಿಟ್ಟರು. ಬಹಳ ಹೊತ್ತು ಪೆನ್ಸಿಲಿನ ಹಿಂಭಾಗದಿಂದ ಮೇಜು ಕುಟ್ಟುತ್ತಿದ್ದು, ಕೊನೆಗೆ ಹೇಳಿದರು. ನಿಮ್ಮ ಮೇಲೆ ಬರೆದರೆ ನೌಕರಿ ಹೋಗುತ್ತೆ. ನಿಮ್ಮದೊಂದೇ ಹೋದರೆ ಹೋಗಲಿ, ಹತ್ತು ವರ್ಷದ ಕೆಲಸದ ಮೇಲೇ ಜನ ಕಲ್ಲು ಹಾಕ್ತಾರೆ, ಇವರ ಅಂಕಿಯೆಲ್ಲ ಹೀಗೇ ಅಂತಾರೆ. ನಾಳೆಯಿಂದ ಯಾರೂ ಕೂಸುಗಳನ್ನ ಎಣಿಸೋದೇ ಇಲ್ಲ, ಮತ್ತೆ ಉಕ್ಕಿಗೇ ಹೋಗ್ತಾರೆ. ‘ಈ ಏಳು ಮನೇನ ಬಿಟ್ಟುಬಿಡಿ. ಕೆಳಗೆ ಒಂದು ಷರಾ ಹಾಕೋಣ, ಹೋಲಿಕೆಗೆ ಬಾರದ್ದರಿಂದ ಕೈಬಿಡಲಾಗಿದೆ ಅಂತ. ಸುಳ್ಳೂ ಆಗಲ್ಲ.’

‘ಈ ವರ್ಷದ್ದನ್ನಾದರೂ ಹಾಕಬಹುದಲ್ಲ ಸರ್. ಅದು ನಿಜ. ನಾನೇ ಒಂದೊಂದು ಬಾಗಿಲಿಗೂ ಹೋಗಿ ಕೇಳಿದ್ದು.’

‘ಒಂದು ಕಾಲಿನಲ್ಲಿ ನಡಿಗೆ ಹೇಗ್ರೀ ಅಳೆಯೋದು?’ ಎಂದರು ಚಂದ್ರಶೇಖರಯ್ಯನವರು. ಗದರಿಕೆಯಿರಲಿಲ್ಲ, ಬೇಸರವಿತ್ತು. ತಮ್ಮ ಗ್ರಾಫ್ ಕಾಗದವನ್ನೊಮ್ಮೆ ತಿರುಗಿ ನೋಡಿದರು. ‘ಹೋಗಿ. ಇದರ ಬಗ್ಗೆ ಕಾಗದ ಪತ್ರ ಏನೂ ಬರೀಬೇಡಿ ನನಗೆ.’

ಬಾಗಿಲು ದಾಟುವಾಗ ಅವನಿಗಾದದ್ದು ಬಿಡುಗಡೆ. ಅನುಮಾನವೇ ಇಲ್ಲ, ಎದೆಯ ಮೇಲಿನ ಮೂಟೆ ಇಳಿದಷ್ಟು ಸ್ಪಷ್ಟವಾದ ಬಿಡುಗಡೆ. ನೌಕರಿ ಇದೆ, ಮನೆಯಿದೆ, ಮಕ್ಕಳ ಇಸ್ಕೂಲಿದೆ. ತನ್ನ ಮೇಜಿನವರೆಗೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಆ ಬಿಡುಗಡೆಯೇ ಅಸಹ್ಯವಾಗತೊಡಗಿತು. ಒಂದು ವಾರ ನಿದ್ದೆಗೆಟ್ಟದ್ದು ಕೂಸಿಗಾಗಿಯೋ ನೌಕರಿಗಾಗಿಯೋ? ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಲು ಅವನಿಗೆ ಸಾಧ್ಯವಾಗಲಿಲ್ಲ. ಏಳು ಮನೆಗಳ ಹಾಳೆಗಳನ್ನು ದಾರದಲ್ಲಿ ಕಟ್ಟಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟ.

ಮನೆಗೆ ಬಂದಾಗ ಐದೂವರೆ. ಹೆಂಡತಿ ಅನಂತಮತಿ ಎಲೆ ಹಾಕಿದ್ದಳು. ದೊಡ್ಡವಳು ತಟ್ಟೆಗೆ ಬಗ್ಗಿ ಉಣ್ಣುತ್ತಿದ್ದಳು, ಚಿಕ್ಕವನಿಗೆ ಅನ್ನ ಕಲಸಿ ಕೊಡುತ್ತ ಅನಂತಮತಿ ಒಂದೊಂದು ಸಲ ಕಿಟಕಿಯ ಹೊರಗಿನ ಬೆಳಕನ್ನು ನೋಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ದೀಪಕ್ಕೆ ಬರುವ ಹುಳುಹುಪ್ಪಟೆ ಅನ್ನದಲ್ಲಿ ಬಿದ್ದು ಸಾಯುತ್ತವೆ. ಚಿಕ್ಕಂದಿನಿಂದ ಕೇಳಿದ್ದು, ನಡೆದದ್ದು, ಒಂದು ದಿನವೂ ತಪ್ಪಿದ್ದಿಲ್ಲ. ಅವನು ಮೂರು ತುತ್ತು ತಿಂದು ನಿಲ್ಲಿಸಿದ. ಏನಾಯಿತೆಂದು ಅವಳು ಕೇಳಿದ್ದಕ್ಕೆ, ಮಕ್ಕಳು ಕೈತೊಳೆಯಲು ಎದ್ದು ಹೋದ ಮೇಲೆ, ಎಲ್ಲವನ್ನೂ ಹೇಳಿದ. ಈ ಸಲ ಒಬ್ಬಟ್ಟನ್ನೂ ಬಿಡಲಿಲ್ಲ, ಹರಿಗೋಲನ್ನೂ ಬಿಡಲಿಲ್ಲ.

ಅನಂತಮತಿಯ ಮುಖ ಮೊದಲು ಕೆಂಪಗಾಯಿತು. ‘ಆವತ್ತು ನಿಮ್ಮನ್ನ ನೋಡೋಕೆ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅದನ್ನೂ ಇದಕ್ಕೆ ತಂದು ಹಚ್ಚಿದಿರಲ್ಲ’ ಎಂದಳು. ನಿನ್ನ ತಪ್ಪು ಅಂತ ಹೇಳಿದೆನೇ ಎಂದ. ‘ಹೇಳಬೇಕೇನು? ಇನ್ನು ಮೇಲೆ ಆ ದಿನ ನೆನೆಸಿಕೊಂಡ್ರೆ ನನಗೆ ಆ ಕೂಸೂ ಬರುತ್ತೆ.’ ಎಲೆ ಎತ್ತಿಕೊಂಡು ಒಳಗೆ ಹೋದಳು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಬಹಳ ಹೊತ್ತು ಕೇಳಿಸಿತು. ಸೆರಗಿನಲ್ಲಿ ಕೈ ಒರೆಸುತ್ತ ಮತ್ತೆ ಬಂದವಳು ಕಂಬಕ್ಕೆ ಒರಗಿ ನಿಂತು ಕೇಳಿದಳು: ‘ಕೂಗಿದ್ದರೆ ಹರಿಗೋಲು ತಿರುಗಿಸ್ತಿದ್ರಾ?’

‘ಗೊತ್ತಿಲ್ಲ’ ಎಂದ ವರ್ಧಮಾನಯ್ಯ. ಈ ಸಲ ಗೊತ್ತಿಲ್ಲದ ಕಡೆ ಅಂಕಿ ಇಡಲಿಲ್ಲ.

‘ಪುಸ್ತಕದಲ್ಲಿ ಬರುತ್ತೆ ಅಂತ ಆ ಹೆಂಗಸಿಗೆ ಹೇಳಿ ಬಂದಿದೀರಿ. ಬರಲ್ಲ ಅಂತ ಯಾರು ಹೇಳ್ತಾರೆ ಅವಳಿಗೆ?’

ಅದನ್ನು ಅವನು ಯೋಚಿಸಿರಲಿಲ್ಲ. ಯೋಚಿಸಿದ ಮೇಲೂ ಹೋಗಲು ಆರು ತಿಂಗಳು ಹಿಡಿಯಿತು. ಮಳೆ ಬಂತು, ಚನ್ನರಾಯಪಟ್ಟಣದ ಹದಿನಾರು ಊರುಗಳ ಕೆಲಸ ಬಂತು, ಚಿಕ್ಕವನಿಗೆ ದಡಾರ ಬಂದು ಹೋಯಿತು, ಗಡಿಯಲ್ಲಿ ಯುದ್ಧವಾಗಿ ಕಚೇರಿಯ ಕಾಗದಕ್ಕೂ ಬಿಗಿಯಾಯಿತು. ಡಿಸೆಂಬರಿನಲ್ಲಿ ವರದಿ ತಯಾರಾಗಿ, ಸೈಕ್ಲೋಸ್ಟೈಲ್ ಮಾಡಿದ ಪ್ರತಿಗಳು ನೀಲಿ ರಟ್ಟು ಹಾಕಿಸಿಕೊಂಡು ಮೇಜಿನ ಮೇಲೆ ಬಂದವು. ಮಾರಗೊಂಡನಕೊಪ್ಪಲು ಐವತ್ತೊಂಬತ್ತನೆಯ ಪುಟದಲ್ಲಿತ್ತು. ಮನೆಗಳು: ನಲವತ್ತೊಂದು. ಷರಾ ಹಾಕೋಣವೆಂದಿದ್ದರು ಚಂದ್ರಶೇಖರಯ್ಯನವರು. ಟೈಪು ಮಾಡುವಾಗ ಜಾಗ ಸಾಲದೆ ಹೋಯಿತೋ ಏನೋ, ಷರಾ ಇರಲಿಲ್ಲ. ಓದಿದವರಿಗೆ ಅದು ನಲವತ್ತೊಂದೇ ಮನೆಗಳ ಊರು. ಗೆರೆ ಚೆನ್ನಾಗಿ ಏರಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟ. ಹೊಳೆಯಲ್ಲಿ ಮಂಡಿಮಟ್ಟದ ನೀರು, ನಡೆದೇ ದಾಟಬಹುದಿತ್ತು. ಊರಿನ ಗದ್ದೆಗಳಲ್ಲಿ ಭತ್ತದ ಕುಯ್ಲು. ಕೇರಿಯಲ್ಲಿ ಒಂದು ಮುದುಕಿಯ ಹೊರತು ಯಾರೂ ಇರಲಿಲ್ಲ, ಅವಳು ಗದ್ದೆಯ ಕಡೆ ಕೈ ತೋರಿಸಿದಳು. ಬದುವಿನ ಮೇಲೆ ನಡೆಯುತ್ತ ಅವನು ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದ. ತಪ್ಪು ನನ್ನದು ಎಂಬುದರಿಂದ ಶುರುಮಾಡುವುದೋ, ಕೂಸಿನಿಂದ ಶುರುಮಾಡುವುದೋ. ಬಯ್ಯಲಿ. ಗಿಡ್ಡಯ್ಯ ಕುಡುಗೋಲು ಎತ್ತಿದರೂ ಎತ್ತಲಿ. ಹಾಗೊಂದು ಚಿತ್ರ ಅವನ ಕಣ್ಣಮುಂದೆ ಬಂದು, ಅದರಲ್ಲಿ ತಾನು ಓಡದೆ ನಿಂತಿರುವುದನ್ನೂ ಕಂಡು, ಅದು ತನಗೆ ಹಿತವಾಗುತ್ತಿದೆ ಎಂದು ತಿಳಿದು ನಾಚಿಕೆಯಾಯಿತು.

ಹತ್ತು ಹನ್ನೆರಡು ಜನ ಸಾಲಾಗಿ ಬಗ್ಗಿ ಕುಯ್ಯುತ್ತಿದ್ದರು. ಲಕ್ಕಮ್ಮ ಗುರುತು ಹಿಡಿದು ಸೊಂಟ ನೆಟ್ಟಗೆ ಮಾಡಿದಳು. ‘ಲೆಕ್ಕದೋರು ಬಂದವ್ರೆ ಕಣಾ’ ಎಂದು ಗಂಡನಿಗೆ ಹೇಳಿದಳು. ಗಿಡ್ಡಯ್ಯ ತಲೆಯ ಮೇಲಿನ ಬಟ್ಟೆ ತೆಗೆದು ಬದುವಿನ ಕೆಳಗೆ ಬಂದು ನಿಂತ. ಒಣಕಲು ಮನುಷ್ಯ, ಕಣ್ಣ ಸುತ್ತ ಭತ್ತದ ಧೂಳು.

ವರ್ಧಮಾನಯ್ಯ ಹೇಳಿದ. ತಾನು ಅಂದು ಬರಬೇಕಾಗಿತ್ತು, ಬರಲಿಲ್ಲ, ಊಟಕ್ಕೆ ಹೊತ್ತಾಗುತ್ತದೆಂದು ಹೊರಟುಹೋದೆ, ಮನೆ ಬಿಡಬೇಡಿ ಎಂದು ಚೀಟಿ ಬರೆದವನೂ ತಾನೇ ಎಂದ. ಗಿಡ್ಡಯ್ಯ ಅವನ ಮುಖ ನೋಡಲಿಲ್ಲ. ಕುಡುಗೋಲಿನ ಬಾಯನ್ನು ಹೆಬ್ಬೆರಳಿನಿಂದ ಸವರುತ್ತ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ, ‘ಈಗ್ಯಾಕೆ ಸಾ ಅದು’ ಎಂದ. ಮತ್ತೆ, ‘ನೀವು ಬಂದಿದ್ರೂ ಡಾಕ್ಟ್ರೇನಲ್ವಲ್ಲ. ಬ್ಯಾಗ ಬಂದು ಬರ್ಕಂಡ್ ಓಗಿದ್ರೆ ನಾವು ಬೆಳಕಿದ್ದಂಗೇ ವೊಳೆ ದಾಟ್ತಿದ್ವಿ. ಅಷ್ಟೇಯ’ ಎಂದ. ಅದರಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ಪುಸ್ತಕ ಬಂದಿದೆ, ಅದರಲ್ಲಿ ನಿಮ್ಮದನ್ನು ಬಿಟ್ಟಿದ್ದಾರೆ ಎಂದ ವರ್ಧಮಾನಯ್ಯ. ತನ್ನ ಹಳೆಯ ಸುಳ್ಳಿನ ದೆಸೆಯಿಂದ ಹೊಸ ನಿಜವೂ ಹೋಯಿತು ಎಂಬುದನ್ನು ಆದಷ್ಟು ಸುಲಭ ಮಾಡಿ ಹೇಳಿದ.

‘ಊರ್ ಬಗ್ಗೆ ಏನ್ ಬರ್ದವ್ರೆ ಅದ್ರಾಗೆ?’ ಎಂದು ಕೇಳಿದ ಗಿಡ್ಡಯ್ಯ.

‘ಹತ್ತು ವರ್ಷದಲ್ಲಿ ಮುಂದಕ್ಕೆ ಬಂದಿದೆ ಅಂತ.’

‘ಅದೇನ್ ಸುಳ್ಳಲ್ಲ ಬುಡಿ’ ಎಂದ ಗಿಡ್ಡಯ್ಯ. ‘ಇಸ್ಕೂಲ್ ಬಂತು. ಮನೆಗ್ಳಿಗೆ ಎಂಚು ಬಂತು.’ ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಂಡು ತನ್ನ ಸಾಲಿಗೆ ಹೋದ.

ಲಕ್ಕಮ್ಮ ಹೋಗಲಿಲ್ಲ. ಅವಳ ಮುಖದ ಮೇಲೆ ಒಂದು ಆತಂಕ ಮೂಡಿತ್ತು, ಹಿಂದೆ ಕೂಸಿನ ಸುದ್ದಿ ಹೇಳುವಾಗಲೂ ಅವನು ಅದನ್ನು ಕಂಡಿರಲಿಲ್ಲ. ‘ನಮ್ದೊಂದ್ನೇ ಬುಟ್ರಾ ಸಾ, ಏಳ್ ಮನೇವೂ ಬುಟ್ರಾ?’

‘ಏಳೂ ಬಿಟ್ಟರಮ್ಮ.’

‘ಅಂಗಾರೆ ಸರಿ’ ಎಂದಳು. ಉಸಿರು ಬಿಟ್ಟು, ಮುಖವನ್ನು ಸೆರಗಿನಿಂದ ಒರೆಸಿಕೊಂಡಳು. ‘ನಾನು ಬಾಯ್ಬುಟ್ಟು ಎಲ್ಲಾನೂ ಏಳ್ದೆ ಅಂತ ನಮ್ದೊಂದ್ನ ಕಿತ್ತಾಕುದ್ರೇನೋ ಅನ್ಕಂಡೆ. ಕೇರಿಯೋರ್ಗೆ ಏನ್ ಏಳದು ಅಂತ ಗಾಬ್ರಿ ಆಗೋಯ್ತು.’

ಅವನಿಗೆ ಇನ್ನೂ ಏನೋ ಹೇಳುವುದಿತ್ತು. ಹೆಸರುಗಳನ್ನು ಬರೆದ ಹಾಳೆ ತನ್ನ ಹತ್ತಿರವೇ ಇದೆ ಎಂದೋ, ಮತ್ತೆ ಬರುತ್ತೇನೆ ಎಂದೋ. ಹತ್ತು ವರ್ಷಕ್ಕೊಮ್ಮೆ ಬರುವವನು ಏನೆಂದು ಮಾತು ಕೊಡುವುದು? ಲಕ್ಕಮ್ಮ ಆಗಲೇ ಬಗ್ಗಿದ್ದಳು. ಎಡಗೈಯಲ್ಲಿ ಪೈರಿನ ಬುಡ ಹಿಡಿದು, ಎಳೆದು, ಪಕ್ಕಕ್ಕೆ ಮಲಗಿಸಿ, ಮತ್ತೆ ಹಿಡಿದು, ಸಾಲಿನವರ ಸಮಕ್ಕೆ ಬರಲು ಬೇಗ ಬೇಗ ಕುಯ್ಯುತ್ತಿದ್ದಳು. ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಕುಡುಗೋಲಿನ ಸದ್ದು ಹತ್ತಿರಕ್ಕೆ ಬಂತು. ಅವನು ನಿಂತ ಬದುವಿಗೆ ಪೈರು ಬಾಗಿ ಒರಗಿತ್ತು, ತೆನೆಗಳು ಅವನ ಪಂಚೆಗೆ ತಾಗುತ್ತಿದ್ದವು.

‘ಒಸಿ ಅತ್ಲಾಗ್ ನಿಂತ್ಕಳಿ ಸಾ’ ಎಂದಳು ಲಕ್ಕಮ್ಮ, ತಲೆ ಎತ್ತದೆ. ‘ಇಲ್ಲೂ ಕುಯ್ಯದೈತೆ.’

ವರ್ಧಮಾನಯ್ಯ ಪಂಚೆ ಬಿಡಿಸಿಕೊಂಡು ಕುಯ್ದು ಮುಗಿದ ಗದ್ದೆಗೆ ಇಳಿದು ನಿಂತ. ಸಾಲು ಅವನನ್ನು ದಾಟಿಕೊಂಡು ಮುಂದೆ ಹೋಯಿತು.